ಗುಮಾಸ್ತನ ಪೂರ್ವಾಶ್ರಮ

ಸಂನ್ಯಾಸಿಗಳಿಗೆ ಪೂರ್ವಾಶ್ರಮವೆಂಬುದೊಂದು ಉಂಟು. ಇಂದು ಕಾಷಾಯ ಉಟ್ಟಿರುವವರು ಹಿಂದೊಮ್ಮೆ ಯಾವುದೋ ಊರಿನ ಯಾರದೋ ಮನೆಯ ಮಗನಾಗಿದ್ದವರು. ಆದರೆ ಗುಮಾಸ್ತನಿಗೂ ಒಂದು ಪೂರ್ವಾಶ್ರಮವಿದೆ, ಅದು ಸಂನ್ಯಾಸಿಯದಕ್ಕೆ ತೀರ ತಿರುಗುಮುರುಗಾದದ್ದು ಎಂದರೆ ಓದುಗರು ನಗಬಹುದು. ಸಂಗತಿ ಮಾತ್ರ ನಿಜ. 'ಕ್ಲಾರ್ಕ್' ಎಂಬ ಶಬ್ದ ಹುಟ್ಟಿದ್ದು ಕಚೇರಿಯಲ್ಲಲ್ಲ, ಇಗರ್ಜಿಯಲ್ಲಿ. ಆ ಶಬ್ದದ ಹಿಂದಿನ ಜನ್ಮದಲ್ಲಿ ನಾವೆಲ್ಲ ದೇವರ ಸೇವೆಯಲ್ಲಿದ್ದವರು. ಕಡತದ ಸೇವೆಗೆ ಇಳಿದದ್ದು ಆಮೇಲೆ.

ಈ ವಿಷಯ ನನ್ನ ತಲೆಯನ್ನು ಹೊಕ್ಕ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಹಲವು ಕಚೇರಿಗಳಲ್ಲಿ 'ಲೋವರ್ ಡಿವಿಜನ್ ಕ್ಲಾರ್ಕ್' ಎಂಬ ಹುದ್ದೆಗೆ ಈಗ 'ಜೂನಿಯರ್ ಸೆಕ್ರೆಟೇರಿಯಟ್ ಅಸಿಸ್ಟೆಂಟ್' ಎಂಬ ಹೊಸ ಹೆಸರು ಬಂದಿದೆ. ನಮ್ಮಲ್ಲಿ ಆ ಆದೇಶ ಬಂದ ದಿನ ಕಿರಿಯ ಸಹೋದ್ಯೋಗಿಯೊಬ್ಬ ವಿಭಾಗಕ್ಕೆಲ್ಲ ಪೇಡೆ ಹಂಚಿದ. "ಅಂತೂ ಆ ದರಿದ್ರ ಶಬ್ದ ತೊಲಗಿತಲ್ಲ, ಇನ್ನು ಹೆಣ್ಣು ಕೊಡುವವರ ಮುಂದೆ ತಲೆ ಎತ್ತಿ ಕೂರಬಹುದು" ಎಂದ. ಸಂಬಳ ಅಷ್ಟೇ, ಮೇಜು ಅದೇ, ಫ್ಯಾನಿನ ಸದ್ದೂ ಅದೇ. ಆದರೂ ಅವನ ಸಂತೋಷ ಸುಳ್ಳಾಗಿರಲಿಲ್ಲ. ನಾನೂ ಪೇಡೆ ತಿಂದೆ. ಆದರೆ ಅದು ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತೇ ಇಳಿಯಿತು.

ಕಾರಣವಿಷ್ಟೆ. ನಮ್ಮ ಮನೆಯಲ್ಲಿ ಅದು ದರಿದ್ರ ಶಬ್ದವಾಗಿರಲಿಲ್ಲ. ನಮ್ಮ ತಂದೆಯವರು ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೇ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕುಳಿತು ಓದಿ, ಎಸ್.ಎಸ್.ಸಿ. ಮುಗಿಸಿ, ಖಾಸಗಿ ಕಂಪನಿಯೊಂದರಲ್ಲಿ ಕ್ಲಾರ್ಕ್ ಆದರು. ಅದನ್ನು ತಿಳಿಸಿ ಊರಿಗೆ ಬರೆದ ಕಾಗದವನ್ನು ಓದಿಕೊಳ್ಳಲು ಅಜ್ಜಿಗೆ ಅಕ್ಷರ ಬಾರದು. ಪೋಸ್ಟ್‌ಮ್ಯಾನ್ ಓದಿ ಹೇಳಿದನಂತೆ. ಮನಿಯಾರ್ಡರು ಬಂದಾಗ ಅವನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿ, "ನನ್ನ ಮಗ ಕ್ಲಾರ್ಕು" ಎಂದು ಕೇರಿಗೆಲ್ಲ ಹೇಳಿಕೊಂಡು ತಿರುಗಿದರಂತೆ. ಆ ಶಬ್ದವನ್ನು ಇಷ್ಟು ಸುಲಭವಾಗಿ ಕಸದ ಬುಟ್ಟಿಗೆ ಹಾಕುವುದು ಸರಿಯೇ ಎಂದು ಅಂದು ರಾತ್ರಿ ನಿಘಂಟು ತೆರೆದು ಕೂತೆ. ನಾನು ಭಾಷಾಶಾಸ್ತ್ರಜ್ಞನಲ್ಲ, ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು. ಆದರೆ ಪದಾರ್ಥದ ಬಣ್ಣ ನೋಡಿ ಮೋಸಹೋಗಬಾರದು, ಅದರಲ್ಲೇನಿದೆಯೆಂದು ಒಡೆದು ನೋಡಬೇಕು ಎಂಬ ಪಾಠವನ್ನು ನಮಗೆ ಅಲ್ಲಿ ಕಲಿಸಿದ್ದರು. ಆ ಪಾಠ ಶಬ್ದಗಳಿಗೂ ಸಲ್ಲುತ್ತದೆ.

ಪಾಲಿಗೆ ಬಂದದ್ದು

ಇಂಗ್ಲಿಷಿನ 'ಕ್ಲಾರ್ಕ್' ಬಂದದ್ದು ಲ್ಯಾಟಿನ್ನಿನ 'ಕ್ಲೆರಿಕುಸ್' ಎಂಬುದರಿಂದ. ಕ್ಲೆರಿಕುಸ್ ಎಂದರೆ ಕ್ರೈಸ್ತ ಧರ್ಮಸಭೆಯಲ್ಲಿ ದೀಕ್ಷೆ ಪಡೆದವನು, ಪಾದ್ರಿ ವರ್ಗಕ್ಕೆ ಸೇರಿದವನು. ಪಾದ್ರಿ ಸಮೂಹಕ್ಕೆ ಹೇಳುವ 'ಕ್ಲರ್ಜಿ' ಎಂಬ ಮಾತೂ ಇದೇ ಬೇರಿನ ಇನ್ನೊಂದು ಚಿಗುರು. ಲ್ಯಾಟಿನ್ನಿಗೆ ಈ ಶಬ್ದ ಗ್ರೀಕ್ ಭಾಷೆಯ 'ಕ್ಲೇರೋಸ್' ಎಂಬುದರಿಂದ ಬಂತು. ಕ್ಲೇರೋಸ್ ಎಂದರೆ ಚೀಟಿ ಎತ್ತುವಾಗ ಬಳಸುವ ಹರಳು ಅಥವಾ ಮರದ ಚೂರು; ಹಾಗೆ ಎತ್ತಿ ಹಂಚಿದಾಗ ಒಬ್ಬೊಬ್ಬನಿಗೆ ಬಂದ ಭೂಮಿ; ಆಮೇಲೆ ಪಿತ್ರಾರ್ಜಿತ ಆಸ್ತಿ. ಈ ಮೂರನ್ನೂ ಕೂಡಿಸಿ ಹೇಳಲು ಇಂಗ್ಲಿಷಿನವರು ತಡಕಾಡಬೇಕು. ಕನ್ನಡಿಗರಿಗೆ ಆ ತೊಂದರೆಯಿಲ್ಲ. ನಮ್ಮಲ್ಲಿ 'ಪಾಲು' ಎಂಬ ಮಾತಿದೆ. ಆಸ್ತಿಯಲ್ಲಿ ಬಂದದ್ದೂ ಪಾಲು, ಹಣೆಬರಹದಲ್ಲಿ ಬಂದದ್ದೂ ಪಾಲು.

ಹಾಗಾದರೆ 'ಪಾಲು' ಎಂಬರ್ಥದ ಶಬ್ದ ಪಾದ್ರಿಗೆ ಹೇಗೆ ಅಂಟಿಕೊಂಡಿತು? ಈ ಪ್ರಶ್ನೆಯನ್ನು ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಇಬ್ಬರು ಮಹಾ ಪಂಡಿತರು ಎತ್ತಿಕೊಂಡು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ಒಬ್ಬರು ಸಂತ ಅಗಸ್ಟೀನ್. ಯೇಸುವಿಗೆ ದ್ರೋಹ ಬಗೆದ ಯೂದನ ಸ್ಥಾನ ತೆರವಾದಾಗ ಉಳಿದ ಹನ್ನೊಂದು ಅಪೊಸ್ತಲರು ಇಬ್ಬರ ಹೆಸರನ್ನು ಮುಂದಿಟ್ಟು ಚೀಟಿ ಹಾಕಿದರು; ಚೀಟಿ ಮತ್ತೀಯನ ಹೆಸರಿಗೆ ಬಂತು ಎಂದು ಬೈಬಲ್ಲಿನ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯ ಹೇಳುತ್ತದೆ. ಧರ್ಮಸೇವೆಗೆ ಹಾಗೆ ಚೀಟಿಯಿಂದ ಆರಿಸಲ್ಪಟ್ಟ ಮತ್ತೀಯನಿಂದಾಗಿಯೇ ಈ ಹೆಸರು ಬಂದಿರಬೇಕೆಂದು ಅಗಸ್ಟೀನರ ಊಹೆ. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ ತೆರವಾದ ಒಂದು ಹುದ್ದೆ, ಇಬ್ಬರು ಅಭ್ಯರ್ಥಿಗಳು, ಸಂದರ್ಶನವಿಲ್ಲ.

ಇನ್ನೊಬ್ಬರು ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್. ಸುಮಾರು 394ರಲ್ಲಿ ನೆಪೋಷಿಯನ್ ಎಂಬ ತರುಣ ಪಾದ್ರಿಗೆ ಬರೆದ ಕಾಗದದಲ್ಲಿ ಅವರು ಈ ಶಬ್ದವನ್ನು ಬಿಡಿಸಿದ್ದಾರೆ. ಇಸ್ರಾಯೇಲರ ಹನ್ನೆರಡು ಕುಲಗಳಿಗೆ ನಾಡನ್ನು ಪಾಲು ಹಾಕಿಕೊಟ್ಟಾಗ ಪೂಜೆಯ ಕೆಲಸಕ್ಕೆ ಮೀಸಲಾದ ಲೇವಿಯರಿಗೆ ಮಾತ್ರ ಭೂಮಿಯ ಪಾಲು ಸಿಗಲಿಲ್ಲ. ದೇವರೇ ಅವರ ಪಾಲು ಎಂದು ಶಾಸ್ತ್ರ ಹೇಳಿತು. ಅದರಂತೆಯೇ ಕ್ಲೆರಿಕುಸ್ ಎಂದರೆ ದೇವರ ಪಾಲಿಗೆ ಸೇರಿದವನು, ಇಲ್ಲವೇ ದೇವರನ್ನೇ ತನ್ನ ಪಾಲಾಗಿ ಪಡೆದವನು ಎಂಬುದು ಜೆರೋಮರ ವ್ಯಾಖ್ಯಾನ. ಅಂಥವನು ಬೇರೆ ಆಸ್ತಿಗೆ ಆಸೆಪಡಬಾರದೆಂದು ಅವರು ಆ ತರುಣನಿಗೆ ಬುದ್ಧಿ ಹೇಳುತ್ತಾರೆ.

ಎರಡರಲ್ಲಿ ಯಾವುದು ಸರಿಯೆಂಬುದನ್ನು ಪಂಡಿತರಿಗೆ ಬಿಡೋಣ. ಮುಂಬಯಿಯಂಥ ಊರಿನಲ್ಲಿ ಸ್ವಂತ ಗೇಣು ನೆಲವಿಲ್ಲದೆ, ಕ್ವಾರ್ಟರ್ಸಿನ ಪಟ್ಟಿಯಲ್ಲಿ ತನ್ನ ಸರತಿ ಎಂದು ಬಂದೀತೆಂದು ಕಾಯುವ ನನ್ನಂಥವನಿಗೆ ಜೆರೋಮರ ವ್ಯಾಖ್ಯಾನವೇ ಹತ್ತಿರವೆನಿಸುತ್ತದೆ. ಭೂಮಿಯ ಪಾಲಿಲ್ಲದವನು ಎಂಬುದು ಕ್ಲಾರ್ಕನ ಮೂಲ ಲಕ್ಷಣವೇ ಆಗಿತ್ತೆಂದಾಯಿತಲ್ಲ!

ಅಕ್ಷರ ಬಲ್ಲವನೇ ಕ್ಲಾರ್ಕ್

ಕ್ರೈಸ್ತಧರ್ಮದ ಜೊತೆಯಲ್ಲಿಯೇ ಈ ಲ್ಯಾಟಿನ್ ಶಬ್ದ ಇಂಗ್ಲೆಂಡಿಗೆ ಹೋಯಿತು. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಬಳಿಕ ಫ್ರೆಂಚಿನ 'ಕ್ಲೆರ್ಕ್' ಎಂಬ ರೂಪ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಆ ಕಾಲದ ಯುರೋಪಿನಲ್ಲಿ ಓದುಬರಹವೆಂದರೆ ಬಹುಮಟ್ಟಿಗೆ ಲ್ಯಾಟಿನ್ ಓದುಬರಹ. ಅದನ್ನು ಕಲಿಸುತ್ತಿದ್ದದ್ದು ಮಠಗಳಲ್ಲಿ ಮತ್ತು ಇಗರ್ಜಿಯ ಶಾಲೆಗಳಲ್ಲಿ. ಕುದುರೆಯೇರಿ ಯುದ್ಧ ಮಾಡುವ ಸರದಾರನಿಗೆ ತನ್ನ ಹೆಸರು ಬರೆಯಲು ಬಾರದಿದ್ದರೆ ಯಾರೂ ಅದನ್ನು ಕುಂದೆಂದು ಎಣಿಸುತ್ತಿರಲಿಲ್ಲ. ಹೀಗಾಗಿ ದೊರೆಗೆ ಒಂದು ಕಾಗದ ಬರೆಸಬೇಕಾದರೂ ಲೆಕ್ಕ ಇಡಿಸಬೇಕಾದರೂ ಕರೆಯಬೇಕಾದದ್ದು ಪಾದ್ರಿಯನ್ನೇ. ಪಾದ್ರಿಯೇ ಬರಹಗಾರ, ಬರಹಗಾರನೇ ಪಾದ್ರಿ. ಎರಡಕ್ಕೂ ಒಂದೇ ಶಬ್ದ ಸಾಕಾಯಿತು.

ಇಂಥ ಒಬ್ಬ ಬರಹಗಾರನ ಕೈಬರಹ ಇಂದಿಗೂ ಉಳಿದಿದೆ. 1086ರಲ್ಲಿ ಒಂದನೆಯ ವಿಲಿಯಂ ದೊರೆ ಇಡೀ ಇಂಗ್ಲೆಂಡಿನ ಭೂಮಿ, ನೇಗಿಲು, ಗಿರಣಿಗಳ ಲೆಕ್ಕ ಹಿಡಿಸಿದ. ಅದೇ 'ಡೂಮ್ಸ್‌ಡೇ ಪುಸ್ತಕ'. ಅದರಲ್ಲಿ 13,000ಕ್ಕೂ ಹೆಚ್ಚು ಊರುಗಳ ವಿವರವಿದೆ. ಅದರ ದೊಡ್ಡ ಸಂಪುಟದ ಬಹುಭಾಗ ಒಬ್ಬನೇ ಬರೆದದ್ದೆಂದು ಅಕ್ಷರಗಳನ್ನು ಪರೀಕ್ಷಿಸಿದ ವಿದ್ವಾಂಸರು ಹೇಳುತ್ತಾರೆ. ದೇಶದ ಒಂದೊಂದು ಎತ್ತನ್ನೂ ಎಣಿಸಿ ಬರೆದಿಟ್ಟ ಆ ಪುಣ್ಯಾತ್ಮ ತನ್ನ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿಲ್ಲ. ಇದಕ್ಕಿಂತ ನಮ್ಮ ಕನ್ನಡ ಶಾಸನಗಳೇ ಉದಾರ. ಅವುಗಳಲ್ಲಿ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದ ಸೇನಬೋವನ ಹೆಸರಿರುತ್ತದೆ.

ಪಾದ್ರಿ ಎಂದೊಡನೆ ಪೂಜೆ ಮಾಡಿಸುವ ಗುರುವನ್ನಷ್ಟೇ ಎಣಿಸಬಾರದು. ಧರ್ಮಸಭೆಯಲ್ಲಿ ದ್ವಾರಪಾಲಕ, ವಾಚಕ ಮೊದಲಾದ ಕೆಳದರ್ಜೆಯ ದೀಕ್ಷೆಗಳಿದ್ದವು. ಅಂಥವರು ಮದುವೆಯಾಗಲೂ ಅವಕಾಶವಿತ್ತು. ನೆತ್ತಿಯ ಮೇಲೆ ಒಂದಿಷ್ಟು ಕೂದಲು ಬೋಳಿಸಿಕೊಂಡ ಶಾಲಾ ಹುಡುಗನೂ ಕ್ಲಾರ್ಕೇ, ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಕ್ಲಾರ್ಕೇ. ಲೋವರ್ ಡಿವಿಜನ್, ಅಪ್ಪರ್ ಡಿವಿಜನ್ ಎಂಬ ಭೇದ ನಮ್ಮ ಕಾಲದ ಹೊಸ ಆವಿಷ್ಕಾರವೇನೂ ಅಲ್ಲ.

ಶಬ್ದಕ್ಕಾಗಿ ಬಿದ್ದ ತಲೆ

ಈಗ ಕಥೆ ಗಂಭೀರವಾಗುತ್ತದೆ. ಕ್ಲಾರ್ಕ್ ಎಂಬ ಹಣೆಪಟ್ಟಿ ಇದ್ದವನಿಗೆ ಒಂದು ದೊಡ್ಡ ಸವಲತ್ತು ದೊರೆಯುತ್ತಿತ್ತು. ಅವನು ಕಳವು ಮಾಡಲಿ, ಕೊಲೆಯನ್ನೇ ಮಾಡಲಿ, ಅವನ ವಿಚಾರಣೆ ಧರ್ಮಸಭೆಯ ನ್ಯಾಯಾಲಯದಲ್ಲಿಯೇ ಆಗಬೇಕೆಂದು ಪಾದ್ರಿಗಳ ವಾದ. ಧರ್ಮಸಭೆ ರಕ್ತ ಹರಿಸುವಂತಿಲ್ಲವಾದ್ದರಿಂದ ಅಲ್ಲಿ ಮರಣದಂಡನೆಯಿಲ್ಲ. ಅದೇ ಅಪರಾಧಕ್ಕೆ ಸಾಮಾನ್ಯನು ನೇಣಿಗೇರುತ್ತಿದ್ದ.

ಎರಡನೆಯ ಹೆನ್ರಿ ದೊರೆಗೆ ಇದು ಸಹಿಸಲಿಲ್ಲ. 1164ರಲ್ಲಿ ಕ್ಲಾರೆಂಡನ್ ಎಂಬಲ್ಲಿ ಅವನು ಹದಿನಾರು ವಿಧಿಗಳನ್ನು ಮುಂದಿಟ್ಟ. ತಪ್ಪಿತಸ್ಥನೆಂದು ಸಾಬೀತಾದ ಕ್ಲಾರ್ಕನನ್ನು ಧರ್ಮಸಭೆ ಇನ್ನು ಕಾಪಾಡಬಾರದು ಎಂಬುದು ಅವುಗಳಲ್ಲಿ ಒಂದು. ಅದನ್ನು ಎದುರಿಸಿ ನಿಂತವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್. ದೇವರೇ ಒಂದು ತಪ್ಪಿಗೆ ಎರಡು ಸಲ ತೀರ್ಪು ಕೊಡುವುದಿಲ್ಲ, ಧರ್ಮಸಭೆ ಶಿಕ್ಷಿಸಿದವನನ್ನು ದೊರೆ ಮತ್ತೆ ಶಿಕ್ಷಿಸಕೂಡದು ಎಂದು ಅವರ ವಾದ. ಗಮನಿಸಬೇಕಾದ ಸಂಗತಿಯೆಂದರೆ ಈ ಬೆಕೆಟ್ ತಮ್ಮ ಬಾಳನ್ನು ಆರಂಭಿಸಿದ್ದು ಲಂಡನ್ನಿನಲ್ಲಿ ಬಂಧುವೊಬ್ಬರ ಲೆಕ್ಕ ಬರೆಯುತ್ತ. ಆಮೇಲೆ ಅವರು ಇದೇ ಹೆನ್ರಿಯ ಛಾನ್ಸಲರ್, ಎಂದರೆ ದೊರೆಯ ಬರವಣಿಗೆಯ ಕಚೇರಿಯ ಮುಖ್ಯಸ್ಥರು, ಆಗಿದ್ದರು. 1170ರ ಡಿಸೆಂಬರ್ 29ರಂದು ನಾಲ್ವರು ಸರದಾರರು ಕ್ಯಾಂಟರ್ಬರಿಯ ಮಹಾಇಗರ್ಜಿಗೆ ನುಗ್ಗಿ ಅವರ ತಲೆ ಒಡೆದರು. ಯುರೋಪಿಗೆ ಯುರೋಪೇ ನಡುಗಿತು. ಮೂರೇ ವರ್ಷದೊಳಗೆ ಬೆಕೆಟ್ ಸಂತರೆನಿಸಿದರು. 1174ರಲ್ಲಿ ದೊರೆ ಬರಿಗಾಲಲ್ಲಿ ನಡೆದುಹೋಗಿ ಅವರ ಸಮಾಧಿಯ ಮುಂದೆ ಸಂನ್ಯಾಸಿಗಳಿಂದ ಛಡಿ ಏಟು ತಿಂದ. ಕ್ಲಾರ್ಕುಗಳ ಸವಲತ್ತು ಉಳಿದುಕೊಂಡಿತು.

ಕುತ್ತಿಗೆ ಉಳಿಸುವ ಓದು

ಸವಲತ್ತು ಉಳಿದ ಮೇಲೆ ಒಂದು ಪ್ರಶ್ನೆ ಎದ್ದಿತು. ಕಟಕಟೆಯಲ್ಲಿ ನಿಂತವನು ಕ್ಲಾರ್ಕ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ನೆತ್ತಿ ನೋಡೋಣವೆಂದರೆ ಸೆರೆಮನೆಯಲ್ಲಿಯೂ ಕೂದಲು ಬೋಳಿಸಿಕೊಳ್ಳಬಹುದು. ಬಟ್ಟೆಯನ್ನು ಯಾರಾದರೂ ಎರವಲು ಕೊಟ್ಟಾರು. ಕೊನೆಗೆ ಸುಲಭವಾದ ಒಂದು ಪರೀಕ್ಷೆ ನಿಂತಿತು. ಪುಸ್ತಕ ಕೊಡು, ಓದಿದರೆ ಕ್ಲಾರ್ಕ್. ಹದಿನಾಲ್ಕನೆಯ ಶತಮಾನದಿಂದೀಚೆಗೆ ಓದಬಲ್ಲ ಗೃಹಸ್ಥರೂ ಈ ಬಾಗಿಲಿನಿಂದ ಪಾರಾಗತೊಡಗಿದರು. ಬಿಷಪ್ಪನ ಪ್ರತಿನಿಧಿ ನ್ಯಾಯಾಲಯದಲ್ಲಿ ನಿಂತು 'ಲೆಗಿತ್', ಎಂದರೆ ಓದುತ್ತಾನೆ, ಎಂದು ಹೇಳಿದರೆ ಜೀವ ಉಳಿಯಿತು. 'ನಾನ್ ಲೆಗಿತ್' ಎಂದರೆ ಹಗ್ಗ.

ಓದಲು ಕೊಡುತ್ತಿದ್ದದ್ದು ಸಾಮಾನ್ಯವಾಗಿ ಬೈಬಲ್ಲಿನ 51ನೆಯ ಕೀರ್ತನೆಯ ಮೊದಲ ವಚನ. ಪಾಪ ಮಾಡಿದವನು ದೇವರ ಕರುಣೆಯನ್ನು ಬೇಡುವ ವಚನವದು. ಜನ ಅದಕ್ಕೆ 'ಕುತ್ತಿಗೆಯ ವಚನ' ಎಂದೇ ಹೆಸರಿಟ್ಟರು. ಅಕ್ಷರವೇ ಬಾರದ ಕಳ್ಳರು ಅದನ್ನು ಬಾಯಿಪಾಠ ಮಾಡಿಕೊಂಡು, ಪುಸ್ತಕ ನೋಡುತ್ತ ಓದಿದಂತೆ ನಟಿಸಿ ಪಾರಾದದ್ದೂ ಉಂಟು. ನ್ಯಾಯಾಧೀಶ ಚತುರನಾಗಿದ್ದರೆ ಬೇರೆ ಪುಟ ತೆರೆಯುತ್ತಿದ್ದ.

ಇದು ಎರಡೆರಡು ಸಲ ನಡೆಯಬಾರದೆಂದು 1489ರಲ್ಲಿ ಒಂದು ಕಾಯಿದೆ ಬಂತು. ದೀಕ್ಷೆಯಿಲ್ಲದವನು ಒಂದೇ ಸಲ ಈ ಸವಲತ್ತು ಪಡೆಯಬಹುದು. ಗುರುತಿಗಾಗಿ ಅವನ ಎಡಗೈ ಹೆಬ್ಬೆರಳಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಬೇಕು. ಕೊಲೆಗೆ ಒಂದು ಅಕ್ಷರ, ಉಳಿದ ಅಪರಾಧಗಳಿಗೆ ಇನ್ನೊಂದು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ದ್ವಂದ್ವಯುದ್ಧದಲ್ಲಿ ಕೊಂದಾಗ ಕುತ್ತಿಗೆ ಉಳಿಸಿಕೊಂಡದ್ದು ಹೀಗೆಯೇ. ಇಟ್ಟಿಗೆ ಕೆಲಸದವನ ಮನೆಯಲ್ಲಿ ಬೆಳೆದ ಆತ ಶಾಲೆಯಲ್ಲಿ ಲ್ಯಾಟಿನ್ ಕಲಿತಿದ್ದ. ಆಸ್ತಿ ಹೋಯಿತು, ಹೆಬ್ಬೆರಳಿಗೆ ಬರೆ ಬಿತ್ತು, ಜೀವ ಉಳಿಯಿತು. ಅವನ ಪ್ರಸಿದ್ಧ ನಾಟಕಗಳಲ್ಲಿ ಬಹಳಷ್ಟು ಆ ಬರೆಯ ನಂತರದವು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದೇ ತಿಂಗಳು, ಅದೇ ನ್ಯಾಯಾಲಯದಲ್ಲಿ, ಅದೇ ಅಪರಾಧಕ್ಕೆ ನಿಂತ ಇನ್ನೊಬ್ಬನಿಗೆ ಓದಲು ಬಾರದಿದ್ದರೆ ಅವನು ಸಾಯಬೇಕಿತ್ತು. ಅವನನ್ನು ಶಾಲೆಗೆ ಕಳಿಸದೆ ಇದ್ದವರಾರೆಂದು ಯಾರೂ ಕೇಳುತ್ತಿರಲಿಲ್ಲ. ಹೆಂಗಸರು ಪಾದ್ರಿಗಳಾಗಲು ಸಾಧ್ಯವಿರಲಿಲ್ಲವಾದ್ದರಿಂದ ಅವರು ಎಷ್ಟು ಚೆನ್ನಾಗಿ ಓದಿದರೂ ಪ್ರಯೋಜನವಿರಲಿಲ್ಲ. 1624ರಲ್ಲಿ ಹತ್ತು ಶಿಲಿಂಗಿಗಿಂತ ಕಡಿಮೆಯ ಕಳವಿಗೆ ಮಾತ್ರ ಸ್ವಲ್ಪ ರಿಯಾಯಿತಿ ಸಿಕ್ಕಿ, ಪುರುಷರಿಗೆ ಸಮನಾದ ಹಕ್ಕು ಬರಲು 1691ರವರೆಗೆ ಕಾಯಬೇಕಾಯಿತು. ಆದರೆ 1547ರ ಕಾಯಿದೆ ಇಂಗ್ಲೆಂಡಿನ ಶ್ರೀಮಂತ ಪ್ರಭುಗಳಿಗೆ ಓದಲು ಬಾರದಿದ್ದರೂ ಈ ಸವಲತ್ತು ಸಲ್ಲಬೇಕೆಂದು ಬಾಯಿಬಿಟ್ಟು ಹೇಳಿತು! ಅಕ್ಷರದ ಮರ್ಯಾದೆ ಅಷ್ಟರಮಟ್ಟಿಗೆ ಹೋಯಿತು. ಓದಿನ ಪರೀಕ್ಷೆ ರದ್ದಾದದ್ದು 1706ರಲ್ಲಿ. ಇಡೀ ಸವಲತ್ತನ್ನೇ ಇಂಗ್ಲೆಂಡು 1827ರಲ್ಲಿ ತೆಗೆದುಹಾಕಿತು.

ಅಷ್ಟರೊಳಗೆ ಈ ಶಬ್ದದ ನೆರಳು ಭಾರತದ ಮೇಲೂ ಬಿದ್ದಿತ್ತು. ಘೋರವೆನಿಸಿದ ಅಪರಾಧಗಳನ್ನು ಸಂಸತ್ತು ಒಂದೊಂದಾಗಿ ಈ ಸವಲತ್ತಿನಿಂದ ಹೊರಗಿಡುತ್ತ ಬಂದಿತ್ತು. 1729ರ ಕಾಯಿದೆಯೊಂದು ದಸ್ತಾವೇಜನ್ನು ಖೋಟಾ ಮಾಡುವುದಕ್ಕೆ ಮರಣದಂಡನೆ ವಿಧಿಸಿ, ಅದಕ್ಕೆ ಕ್ಲರ್ಜಿಯ ಸವಲತ್ತು ಇಲ್ಲವೆಂದಿತು. ಖೋಟಾ ಎಂಬುದು ಅಕ್ಷರ ಬಲ್ಲವನಷ್ಟೇ ಮಾಡಬಲ್ಲ ಅಪರಾಧ. ಅಕ್ಷರ ಬಲ್ಲವನಿಗೆಂದೇ ಇದ್ದ ರಕ್ಷೆ ಅದಕ್ಕೆ ಇಲ್ಲವಾಯಿತು. ಬಂಗಾಳದ ಮಹಾರಾಜ ನಂದಕುಮಾರನು ವಾರನ್ ಹೇಸ್ಟಿಂಗ್ಸನ ಮೇಲೆ ಲಂಚದ ಆಪಾದನೆ ಹೊರಿಸಿದ ಕೆಲವೇ ತಿಂಗಳಲ್ಲಿ, ಹಳೆಯ ಪತ್ರವೊಂದನ್ನು ಖೋಟಾ ಮಾಡಿದನೆಂಬ ಆರೋಪದ ಮೇಲೆ, ಇದೇ ಆಂಗ್ಲ ಕಾಯಿದೆಯಡಿ ಕಲ್ಕತ್ತೆಯಲ್ಲಿ 1775ರ ಆಗಸ್ಟ್ 5ರಂದು ಅವನನ್ನು ನೇಣಿಗೆ ಹಾಕಿದರು. ನಂದಕುಮಾರನ ದೇಶಕ್ಕೂ ಆ ಕಾಯಿದೆಗೂ ಏನು ಸಂಬಂಧವೆಂದು ಇತಿಹಾಸಕಾರರು ಇಂದಿಗೂ ಕೇಳುತ್ತಾರೆ.

ಬೆನ್ನು, ಕಣ್ಣು, ಹೊಟ್ಟೆ

ಇನ್ನು ಕ್ಲಾರ್ಕ್ ಇಗರ್ಜಿಯ ಮೆಟ್ಟಲಿಳಿದು ಕಚೇರಿಗೆ ಬಂದ ಕಥೆ. ಇದಕ್ಕೆ ಇಬ್ಬರು ಕವಿಗಳೇ ಸಾಕ್ಷಿ.

ಮೊದಲನೆಯವನು ಇಂಗ್ಲಿಷಿನ ಆದಿಕವಿಯೆನಿಸಿದ ಜೆಫ್ರಿ ಛಾಸರ್. ಇವನು ಪಾದ್ರಿಯಲ್ಲ, ಮದುವೆಯಾದ ಗೃಹಸ್ಥ. 1374ರಲ್ಲಿ ಲಂಡನ್ ಬಂದರಿನ ಉಣ್ಣೆಯ ಸುಂಕದ ಲೆಕ್ಕ ತಪಾಸಣೆಗೆ ಅವನನ್ನು ನೇಮಿಸಿದಾಗ, ಲೆಕ್ಕವನ್ನು ಸ್ವಂತ ಕೈಯಿಂದಲೇ ಬರೆಯಬೇಕೆಂದು ಆದೇಶದಲ್ಲಿ ಷರತ್ತಿತ್ತು. 1389ರಲ್ಲಿ ಅವನು ದೊರೆಯ ಕಟ್ಟಡ ಕಾಮಗಾರಿಗಳ ಕ್ಲಾರ್ಕ್ ಆದ. ಮರುವರ್ಷ ಹಣ ಒಯ್ಯುತ್ತಿದ್ದಾಗ ದರೋಡೆಕೋರರು ದೋಚಿದರು. ಆ ಹಣವನ್ನು ಅವನು ಕೈಯಿಂದ ತುಂಬಬೇಕಾಗಿಲ್ಲವೆಂದು ಆಮೇಲೆ ಆದೇಶವಾಯಿತು. ಸರ್ಕಾರಿ ನೌಕರರಾದ ಓದುಗರು ಈ ಕೊನೆಯ ವಾಕ್ಯವನ್ನು ಎರಡು ಸಲ ಓದಿ ಸಂತೋಷಪಡಬಹುದು. ತನ್ನ ಕ್ಯಾಂಟರ್ಬರಿ ಕಥೆಗಳಲ್ಲಿ ಅವನು ಆಕ್ಸ್‌ಫರ್ಡಿನ ಒಬ್ಬ ಕ್ಲಾರ್ಕನನ್ನು ಚಿತ್ರಿಸಿದ್ದಾನೆ. ಬಡಕಲು ಕುದುರೆ, ಸವೆದ ಬಟ್ಟೆ, ಇನ್ನೂ ಯಾವ ಇಗರ್ಜಿಯ ಕೆಲಸವೂ ಸಿಕ್ಕಿಲ್ಲ. ಆದರೆ ತಲೆದಿಂಬಿನ ಬಳಿ ಇಪ್ಪತ್ತು ಪುಸ್ತಕಗಳಿದ್ದರೆ ಅವನಿಗೆ ಅದೇ ಭಾಗ್ಯ.

ಎರಡನೆಯವನು ಥಾಮಸ್ ಹಾಕ್ಲೀವ್. ಇವನ ಹೆಸರನ್ನು ನಾನು ಮೊದಲು ಕೇಳಿರಲಿಲ್ಲ, ಈಗ ಮರೆಯಲಾರೆ. ಸುಮಾರು 1387ರಿಂದ ಮೂವತ್ತೈದು ವರ್ಷಗಳಿಗೂ ಮಿಕ್ಕಿ ಅವನು ದೊರೆಯ ಖಾಸಗಿ ಮುದ್ರೆಯ ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದ. ಹಳೆಯ ಪದ್ಧತಿಯಂತೆ ತನಗೂ ಒಂದು ಇಗರ್ಜಿಯ ಉಂಬಳಿ ಸಿಕ್ಕೀತೆಂದು ಕಾದ. ಸಿಗಲಿಲ್ಲ. ಕಾದು ಕಾದು ಬೇಸತ್ತು ಮದುವೆಯಾದ. ಅಲ್ಲಿಗೆ ಪಾದ್ರಿಯಾಗುವ ದಾರಿ ಮುಚ್ಚಿತು. ಬರೀ ಗುಮಾಸ್ತನಾಗಿ ಉಳಿದ. 1399ರಲ್ಲಿ ದೊರೆ ಅವನಿಗೆ ವರ್ಷಕ್ಕೆ ಹತ್ತು ಪೌಂಡಿನ ವರ್ಷಾಶನ ಮಂಜೂರು ಮಾಡಿದ್ದರೂ ಅದು ಹೊತ್ತಿಗೆ ಸರಿಯಾಗಿ ಕೈಸೇರುತ್ತಿರಲಿಲ್ಲ. ಬಾಕಿ ಕೊಡಿಸಿರೆಂದು ದೊಡ್ಡವರಿಗೆ ಬರೆದ ಪದ್ಯಗಳೇ ಅವನವು ಹಲವಿವೆ.

1411ರ ಸುಮಾರಿಗೆ ಬರೆದ ದೀರ್ಘ ಕಾವ್ಯವೊಂದರಲ್ಲಿ ಅವನು ನಮ್ಮ ಕಸುಬಿನ ಕಷ್ಟವನ್ನು ಹೇಳಿಕೊಂಡಿದ್ದಾನೆ. ಬರೆಯುವುದೆಂದರೆ ಆಟವೆಂದು ಜನ ತಿಳಿದಿದ್ದಾರೆ; ಕಮ್ಮಾರನಾಗಲಿ ನೇಕಾರನಾಗಲಿ ಕೆಲಸ ಮಾಡುತ್ತ ಹಾಡಬಹುದು, ಮಾತಾಡಬಹುದು. ಬರೆಯುವವನು ಕಣ್ಣು, ಕೈ, ಮನಸ್ಸು ಮೂರನ್ನೂ ಒಂದೇ ಕಡೆ ಇಟ್ಟು ಕುರಿಯ ಚರ್ಮದ ಮೇಲೆ ಬಗ್ಗಿ ಕೂರಬೇಕು. ಅದರಿಂದ ಹೊಟ್ಟೆ ಕೆಡುತ್ತದೆ, ಬೆನ್ನು ಹೋಗುತ್ತದೆ, ಕಣ್ಣು ಹೋಗುತ್ತದೆ ಎಂಬುದು ಅವನ ಮಾತಿನ ಸಾರ. ಆರುನೂರು ವರ್ಷಗಳು ಕಳೆದಿವೆ. ಚರ್ಮದ ಜಾಗಕ್ಕೆ ಕಾಗದ ಬಂತು, ಕಾಗದದ ಜಾಗಕ್ಕೆ ಕಂಪ್ಯೂಟರಿನ ಪರದೆ ಬಂತು. ನಮ್ಮ ವಿಭಾಗದಲ್ಲಿ ಕೇಳಿ ನೋಡಿದರೆ ಕಾಯಿಲೆಗಳು ಅವೇ ಮೂರು.

ನಡುವಯಸ್ಸಿನಲ್ಲಿ ಅವನಿಗೆ ಬುದ್ಧಿಭ್ರಮಣೆಯಾಯಿತು. ಗುಣವಾದ ಮೇಲೂ ಹಳೆಯ ಗೆಳೆಯರು ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮನೆಗೆ ಬಂದು ಕನ್ನಡಿಯ ಮುಂದೆ ಹಾರಿ ನಿಂತು, ತನ್ನ ಮುಖ ಈಗಲೂ ಹುಚ್ಚನ ಮುಖದಂತಿದೆಯೇ ಎಂದು ನೋಡಿಕೊಳ್ಳುತ್ತಿದ್ದನಂತೆ. ಇದನ್ನೂ ಅವನೇ ಬರೆದಿದ್ದಾನೆ. ಇಷ್ಟಾದರೂ ಅವನು 1426ರಲ್ಲಿ ಸಾಯುವ ಮುನ್ನ ತನ್ನ ಕೈಯಾರೆ ಒಂದು ದೊಡ್ಡ ಪುಸ್ತಕ ಬರೆದಿಟ್ಟ. ಅದು ಕಾವ್ಯವಲ್ಲ. ಯಾವ ಯಾವ ಸಂದರ್ಭದಲ್ಲಿ ಕಚೇರಿಯ ಪತ್ರವನ್ನು ಹೇಗೆ ಬರೆಯಬೇಕೆಂಬ ಮಾದರಿಗಳ ಸಂಗ್ರಹ. ಫ್ರೆಂಚ್ ಮತ್ತು ಲ್ಯಾಟಿನ್ನಿನಲ್ಲಿ ಸುಮಾರು ಸಾವಿರ ಮಾದರಿಗಳು. ತನಗೆ ಉಂಬಳಿ ಕೊಡದ, ವರ್ಷಾಶನ ಹೊತ್ತಿಗೆ ಕೊಡದ ಕಚೇರಿಗೆ ಮುಂದೆ ಬರುವ ಹುಡುಗರು ತಡವರಿಸಬಾರದೆಂದು ಬರೆದದ್ದು. ಅದು ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಉಳಿದ ಗುರುತುಗಳು

ಹದಿನಾರನೆಯ ಶತಮಾನದ ಹೊತ್ತಿಗೆ ಅಚ್ಚಿನ ಪುಸ್ತಕಗಳು ಬಂದು ಓದುಬರಹ ಗೃಹಸ್ಥರಲ್ಲಿ ಹರಡಿತು. ಪಾದ್ರಿ ಬೇರೆ, ಬರಹಗಾರ ಬೇರೆ ಆದರು. ಶಬ್ದ ಬರಹಗಾರನ ಕಡೆಗೇ ವಾಲಿತು. ಹಳೆಯ ಸಂಬಂಧದ ಗುರುತು ಮಾತ್ರ ಅಲ್ಲಲ್ಲಿ ಉಳಿದಿದೆ. ಇಂಗ್ಲೆಂಡಿನ ಅಧಿಕೃತ ಚರ್ಚಿನ ಪಾದ್ರಿಗೆ ಕಾನೂನಿನ ಭಾಷೆಯಲ್ಲಿ ಇಂದಿಗೂ 'ಪವಿತ್ರ ದೀಕ್ಷೆಯ ಕ್ಲಾರ್ಕ್' ಎಂಬರ್ಥದ ಹೆಸರಿದೆ. ಅಲ್ಲಿನ ಸಂಸತ್ತಿನ ಮೇಲ್ಮನೆಯ ಅತ್ಯುನ್ನತ ಅಧಿಕಾರಿಯ ಪದವಿಯೂ ಕ್ಲಾರ್ಕ್ ಎಂದೇ. 'ಕ್ಲೆರಿಕಲ್' ಎಂಬ ವಿಶೇಷಣವಂತೂ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಪಾದ್ರಿಯ ಕೊರಳ ಬಿಳಿಪಟ್ಟಿಯೂ ಕ್ಲೆರಿಕಲ್, ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೆಯ ಕಲಮು ತಿದ್ದಲು ಅವಕಾಶ ಕೊಡುವ ಕೈತಪ್ಪೂ ಕ್ಲೆರಿಕಲ್. ಸಾಹೇಬರು ನಮ್ಮ ಟಿಪ್ಪಣಿಯನ್ನು ಗೀಚಿ ಹಾಕಿದಾಗ 'ಕ್ಯಾನ್ಸಲ್' ಎನ್ನುತ್ತೇವಲ್ಲ, ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಮರದ ಜಾಲರಿ ಎಂದು ಅರ್ಥ. ಜಾಲರಿಯಂತೆ ಅಡ್ಡಡ್ಡ ಗೀಟೆಳೆಯುವುದರಿಂದ ಆ ಹೆಸರು. ನ್ಯಾಯಾಲಯದ ಜಾಲರಿಯ ಬಳಿ ನಿಲ್ಲುತ್ತಿದ್ದ ಸೇವಕನೇ ಮುಂದೆ 'ಛಾನ್ಸಲರ್' ಆದ. ಕೌಂಟರಿನ ಆಚೆ ಕೂರುವ ನಮ್ಮ ಗೋತ್ರ ಅಷ್ಟು ಹಳೆಯದು.

ಇದರೊಂದಿಗೆ ಹೋಲಿಸಿದರೆ ನಮ್ಮ ಭಾಷೆಯಲ್ಲಿರುವ ಹೆಸರುಗಳು ನೇರವಾದವು. ಪಾರಸಿಯಿಂದ ಬಂದ 'ಗುಮಾಸ್ತ' ಎಂದರೆ ನೇಮಿಸಲ್ಪಟ್ಟವನು. 'ಕಾರಕೂನ' ಎಂದರೆ ಕೆಲಸ ಮಾಡುವವನು. ಶಾಸನಗಳ ಸೇನಬೋವನೇ ಸವೆದು ಶಾನುಭೋಗನಾದ. ಇವು ಹುದ್ದೆಯ ಹೆಸರುಗಳು. ಕ್ಲಾರ್ಕ್ ಎಂಬ ಹೆಸರೊಂದೇ ಅಕ್ಷರವೆಂಬ ಪಾಲು ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬ ಲೆಕ್ಕವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ.

ನಿಘಂಟು ಮುಚ್ಚಿದ ಮೇಲೂ ನನಗೆ ಮತ್ತೆ ಮತ್ತೆ ಕಾಣುತ್ತಿದ್ದದ್ದು ಎರಡು ಹೆಬ್ಬೆರಳುಗಳು. ಒಂದು ಬೆನ್ ಜಾನ್ಸನ್ನನದು. ಓದು ಬಂದದ್ದಕ್ಕಾಗಿ ಬರೆ ಬಿದ್ದು, ಅದರಿಂದ ಬದುಕಿಕೊಂಡ ಹೆಬ್ಬೆರಳು. ಇನ್ನೊಂದು ನಮ್ಮ ಅಜ್ಜಿಯದು. ಓದು ಬಾರದ್ದಕ್ಕಾಗಿ ಮಸಿ ಹಚ್ಚಿಸಿಕೊಂಡ ಹೆಬ್ಬೆರಳು. ಫಾರಮಿನಲ್ಲಿ ಏನು ಬರೆದಿದೆಯೋ ಅವರಿಗೆ ತಿಳಿಯದು. ಪೋಸ್ಟ್‌ಮ್ಯಾನ್ ಒಳ್ಳೆಯವನಾಗಿದ್ದರಿಂದ ಹಣ ಪೂರ್ತಿ ಕೈಸೇರಿತು.

ಕಳೆದ ತಿಂಗಳು ಬ್ಯಾಂಕಿಗೆ ಹೋಗಿದ್ದೆ. ಯಾದಗಿರಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಒಬ್ಬ ತಾಯಿ ಫಾರಮು ಹಿಡಿದು ಅವರಿವರ ಮುಖ ನೋಡುತ್ತ ನಿಂತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, "ಯಣ್ಣಾ, ಇದೊಂದಿಷ್ಟು ಬರ್ದ್ ಕೊಡ್ರೀ" ಎಂದರು. ಬರೆದುಕೊಟ್ಟೆ, ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿದೆ. "ನೀವು ಏನ್ ಕೆಲ್ಸ ಮಾಡ್ತೀರಿ?" ಎಂದು ಕೇಳಿದರು. ಹೊಸ ಹೆಸರು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಕ್ಲಾರ್ಕ್ ಇದೀನಮ್ಮ" ಎಂದೆ.

ಪಾಲಿಗೆ ಬಂದದ್ದು ಪಂಚಾಮೃತ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಗಾದೆಯನ್ನು ನಾನು ಈವರೆಗೆ ಸಿಕ್ಕಷ್ಟಕ್ಕೆ ಸುಮ್ಮನಿರು ಎಂಬರ್ಥದಲ್ಲಿ ಕೇಳಿಕೊಂಡು ಬಂದಿದ್ದೆ. ಆದರೆ ಪಂಚಾಮೃತವನ್ನು ಒಬ್ಬನೇ ಕುಡಿಯುವ ವಾಡಿಕೆ ನಮ್ಮಲ್ಲಿಲ್ಲ. ಅದನ್ನು ಹಂಚುತ್ತೇವೆ.